ಬಾಣಂತಿ ಕುದುರೆಗೆ ಕೊಟ್ಟಿಗೆಯ ಲೆಕ್ಕ ಬೇಡ

ದನ ಸಾಕಿ ಗೊತ್ತಿಲ್ಲದ ಹಳ್ಳಿ ನಮ್ಮಲ್ಲಿಲ್ಲ. ಹಸು ಈದಾಗ ಏನು ಮಾಡಬೇಕು, ಗಿಣ್ಣು ಎಷ್ಟು ದಿನ, ಕರುವನ್ನು ಯಾವ ಹೊತ್ತಿಗೆ ಬಿಡಬೇಕು ಎಂಬುದನ್ನು ಮನೆಯ ಮಕ್ಕಳೂ ಹೇಳಬಲ್ಲರು. ಕುದುರೆಯ ವಿದ್ಯೆ ಹಾಗೆ ಊರೂರಿಗೆ ಹರಡಲಿಲ್ಲ. ಟಿಪ್ಪುವಿನ ದಂಡಿನ ಕುದುರೆಗಳಿಂದ ಹಿಡಿದು ರೇಸ್ ಕುದುರೆಗಳವರೆಗೆ ಸಾಕಿದ ಕುಣಿಗಲ್‌ನಂಥ ಸ್ಟಡ್ ಫಾರ್ಮ್‌ಗಳ ಬೇಲಿಯೊಳಗೇ ಬಹುಪಾಲು ಉಳಿಯಿತು. ಜಟಕಾ ಗಾಡಿಯವರಿಗೆ ಗೊತ್ತಿದ್ದದ್ದು ಜಟಕಾಗಳ ಜೊತೆಗೇ ಸವೆಯಿತು. ಈಗ ತೋಟದ ಮನೆಯಲ್ಲಿ ಒಂದು ಮಾರ್ವಾಡಿ, ಮದುವೆಯ ಮೆರವಣಿಗೆಗೆಂದು ಒಂದು ಕಾಠಿಯಾವಾಡಿ ಕಟ್ಟಿಕೊಂಡವರಿದ್ದಾರೆ. ಅವರ ಕುದುರೆ ಗಬ್ಬವಾದಾಗ ಬಂದು ಬುದ್ಧಿ ಹೇಳುವವರೆಲ್ಲ ದನ ಬಲ್ಲವರು. ಪ್ರೀತಿಯಿಂದಲೇ ಹೇಳುತ್ತಾರೆ, ಅನುಭವದಿಂದಲೇ ಹೇಳುತ್ತಾರೆ. ಆ ಅನುಭವ ಬೇರೆ ಪ್ರಾಣಿಯದ್ದು, ಅಷ್ಟೇ. ಮುಂದೆ ಬರುವ ತಪ್ಪುಗಳಲ್ಲಿ ಒಂದೆರಡನ್ನು ಬಿಟ್ಟರೆ ಉಳಿದವೆಲ್ಲ ಕೊಟ್ಟಿಗೆಯಿಂದ ಲಾಯಕ್ಕೆ ನುಗ್ಗಿದವು.

ತಪ್ಪು ಕಲ್ಪನೆ: ಹೆರಿಗೆಗೆ ಹೊತ್ತು ಹಿಡಿಯುತ್ತದೆ, ಕಸ ನಾಳೆ ಬಿದ್ದರೂ ನಡೆಯುತ್ತದೆ

ವಾಸ್ತವ: ಕುದುರೆ ಸುಮಾರು 340 ದಿನ ಗಬ್ಬ ಹೊರುತ್ತದೆ. 320ಕ್ಕೂ ಈಯಬಹುದು, 360 ದಾಟಿಸಲೂಬಹುದು. ಹನ್ನೊಂದು ತಿಂಗಳು ಕಾಯಿಸಿದ ಪ್ರಾಣಿ ಹೆರಿಗೆಯನ್ನು ಮಾತ್ರ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತದೆ, ಅದೂ ಹೆಚ್ಚಾಗಿ ರಾತ್ರಿ, ಯಾರೂ ಇಲ್ಲದ ಹೊತ್ತು ನೋಡಿ. ನೀರು ಒಡೆದ ಮೇಲೆ 20ರಿಂದ 30 ನಿಮಿಷದಲ್ಲಿ ಮರಿ ಹೊರಗಿರಬೇಕು. ಹಸು ಗಂಟೆಗಟ್ಟಲೆ ತಿಣುಕಿ ಜೀವಂತ ಕರು ಹಾಕಬಲ್ಲದು. ಕುದುರೆ ಮುಕ್ಕುವ ಬಿರುಸು ಬಹಳ ಜೋರು, ಮಾಸು, ಅಂದರೆ ಕಸ, ಗರ್ಭಕೋಶದಿಂದ ಬೇಗ ಬಿಡಿಸಿಕೊಳ್ಳುತ್ತದೆ. ತಡವಾದರೆ ಮರಿಗೆ ಉಸಿರಿಲ್ಲ. ನೀರು ಒಡೆದು 20 ನಿಮಿಷವಾದರೂ ಮರಿ ಮುಂದೆ ಬರುತ್ತಿಲ್ಲವೆಂದರೆ ನಾಲ್ಕು ಜನ ಸೇರಿ ಹಗ್ಗ ಹಾಕಿ ಎಳೆಯುವುದಲ್ಲ, ಡಾಕ್ಟರಿಗೆ ಫೋನ್ ಮಾಡುವುದು.

ಕಾಯುವಂತೆಯೇ ಇಲ್ಲದ ಸಂದರ್ಭವೂ ಒಂದಿದೆ. ಸಾಮಾನ್ಯವಾಗಿ ಮೊದಲು ಕಾಣುವುದು ಬಿಳಿಚಿಕೊಂಡ, ತೆಳು ಪೊರೆ. ಅದರೊಳಗೆ ಮುಂಗಾಲಿನ ಗೊರಸು. ಅದರ ಬದಲು ಮಖಮಲ್ಲಿನಂಥ ಕೆಂಪು ಚೀಲ ಇಣುಕಿದರೆ ಮಾಸು ಹೊತ್ತಿಗೆ ಮುಂಚೆಯೇ ಕಳಚಿದೆ, ಮರಿ ಒಳಗೆ ಉಸಿರುಗಟ್ಟುತ್ತಿದೆ ಎಂದರ್ಥ. ಆಗ ಯಾರನ್ನೂ ಕಾಯದೆ ಆ ಚೀಲವನ್ನು ಕತ್ತರಿಯಿಂದ ಹುಷಾರಾಗಿ ಸೀಳಿ ಮರಿಯನ್ನು ಹೊರಬರಿಸಬೇಕು. ಈ ಒಂದು ವಿಷಯ ಗೊತ್ತಿಲ್ಲದೆ ಸತ್ತ ಮರಿಗಳು ಕಡಿಮೆಯಲ್ಲ.

ಹುಟ್ಟಿದ ಮೇಲೆ ಒಂದು–ಎರಡು–ಮೂರು ಎಂಬ ಲೆಕ್ಕ ನೆನಪಿಟ್ಟರೆ ಸಾಕು: ಮರಿ ಒಂದು ಗಂಟೆಯಲ್ಲಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಮೊಲೆ ಹಿಡಿಯಬೇಕು, ಮೂರು ಗಂಟೆಯಲ್ಲಿ ತಾಯಿಯ ಮಾಸು ಬೀಳಬೇಕು. ಹಸುವಿನ ಕಸ ಮಾರನೆಯ ದಿನ ಬಿದ್ದರೂ ನಾವು ಅಷ್ಟು ಗಾಬರಿಯಾಗುವುದಿಲ್ಲ. ಕುದುರೆಯಲ್ಲಿ ಮೂರು ಗಂಟೆ ದಾಟಿದರೆ ತುರ್ತು. ಒಳಗೆ ಉಳಿದ ಅಂಗೈಯಗಲದ ತುಂಡೂ ಕೊಳೆತು ನಂಜೇರಿಸುತ್ತದೆ. ಆ ನಂಜು ಗೊರಸಿಗಿಳಿದು ಕುದುರೆ ಕಾಲೂರಲಾರದೆ ಮಲಗುತ್ತದೆ. ನೇತಾಡುವ ಮಾಸನ್ನು ಎಳೆಯಬೇಡಿ, ಅದಕ್ಕೆ ಕಲ್ಲೋ ಚಪ್ಪಲಿಯೋ ಕಟ್ಟಬೇಡಿ. ತುಳಿದು ಹರಿಯದ ಹಾಗೆ ಅದನ್ನೇ ಮೇಲಕ್ಕೆ ಗಂಟು ಹಾಕಿ, ವೈದ್ಯರು ಆಕ್ಸಿಟೋಸಿನ್ ಕೊಡುವವರೆಗೆ ಬಿಡಿ. ಬಿದ್ದ ಮಾಸನ್ನು ಹೂಳುವ ಆತುರವೂ ಬೇಡ: ನೆಲದ ಮೇಲೆ ಹರಡಿ, ಮರಿ ಹೊರಬಂದ ತೂತೊಂದನ್ನು ಬಿಟ್ಟು ಬೇರೆಲ್ಲೂ ತುಂಡಾಗಿಲ್ಲವೆಂದು ನೋಡಿಯೇ ಹೂಳಿ. ಅದರ ಜೊತೆ ಕಂದುಬಣ್ಣದ, ರಬ್ಬರಿನಂಥ ಚಪ್ಪಟೆ ತುಂಡೊಂದು ಬೀಳುವುದುಂಟು. ಅದು ನೀರಿನ ಚೀಲದೊಳಗಿನ ಕಸರು ಗಟ್ಟಿಯಾದದ್ದು. ಮರಿಯ ಯಾವ ಅಂಗವೂ ಅಲ್ಲ.

ತಪ್ಪು ಕಲ್ಪನೆ: ಮೊದಲ ಹಾಲು ಮರಿಗೆ ಭಾರ, ಒಂದಿಷ್ಟು ಹಿಂಡಿ ಚೆಲ್ಲಬೇಕು

ವಾಸ್ತವ: ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬಾರದು. ಮನುಷ್ಯರ ಕೂಸು ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿಯನ್ನು ಒಂದಿಷ್ಟು ಪಡೆದೇ ಹುಟ್ಟುತ್ತದೆ. ಕುದುರೆಯ ಮಾಸಿನ ರಚನೆ ಹೇಗಿದೆಯೆಂದರೆ ಆ ಪ್ರತಿಕಾಯಗಳು ಅದನ್ನು ದಾಟುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಸಿಗುವ ರಕ್ಷಣೆಯೆಲ್ಲ ದಪ್ಪನೆಯ, ಹಳದಿ ಛಾಯೆಯ ಆ ಮೊದಲ ಹಾಲಿನಲ್ಲಿದೆ. ಅದನ್ನು ಹೀರುವ ಶಕ್ತಿ ಮರಿಯ ಕರುಳಿಗೆ ಮೊದಲ ಆರೆಂಟು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಇಳಿಯುತ್ತಾ 24 ಗಂಟೆಯ ಹೊತ್ತಿಗೆ ಮುಚ್ಚಿಹೋಗುತ್ತದೆ. ಮಾರನೆಯ ದಿನ ಬಿಂದಿಗೆ ಗಿಣ್ಣು ಕುಡಿಸಿದರೂ ಹೊಟ್ಟೆಗೆ ಆಹಾರವಾದೀತೇ ಹೊರತು ರಕ್ತಕ್ಕೆ ಕಾವಲಾಗದು. ಹಸುವಿಗೆ ಮೂರ್ನಾಲ್ಕು ದಿನ ಗಿಣ್ಣು ಬರುವುದನ್ನು ಕಂಡವರು ಇಲ್ಲೂ ಹಾಗೇ ಎಂದುಕೊಳ್ಳುತ್ತಾರೆ. ಕುದುರೆಯ ಗಿಣ್ಣು ಒಂದು ದಿನದ ಮಾತು.

ಹಾಗಾಗಿ ಈಯುವ ಮೊದಲೇ ಕೆಚ್ಚಲಿನಿಂದ ಹಾಲು ಸೋರುತ್ತಿದ್ದರೆ "ಹಾಲಿನ ಕುದುರೆ" ಎಂದು ಹಿಗ್ಗಬೇಡಿ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದರೆ ಒಂದೆರಡು ದಿನದಲ್ಲಿ ಹೆರಿಗೆ ಎಂಬ ಗುರುತು, ಅದು ಸರಿ. ಧಾರೆಯಾಗಿ ಸೋರಿದರೆ ಮರಿಯ ಪಾಲಿನ ಗಿಣ್ಣು ನೆಲದ ಪಾಲಾಗುತ್ತಿದೆ. ಆಗ ಬೇರೆ ಕುದುರೆಯ ಗಿಣ್ಣು ಹುಡುಕಬೇಕು. ದೊಡ್ಡ ಫಾರ್ಮ್‌ಗಳಲ್ಲಿ ಹೆಚ್ಚು ಹಾಲಿರುವ ಕುದುರೆಯಿಂದ ಕಾಲು ಲೀಟರಿನಷ್ಟು ಹಿಂಡಿ ಫ್ರೀಜರಿನಲ್ಲಿ ಇಡುವ ರೂಢಿಯಿದೆ, ವರ್ಷದವರೆಗೆ ಉಳಿಯುತ್ತದೆ. ಅದನ್ನು ಕುದಿಸಬಾರದು, ಉಗುರುಬೆಚ್ಚನೆ ನೀರಿನಲ್ಲಿಟ್ಟು ಕರಗಿಸಬೇಕು. ಮರಿಗೆ ಸಾಕಷ್ಟು ಸಿಕ್ಕಿದೆಯೇ ಎಂದು ತಿಳಿಯಲು 18ರಿಂದ 24 ಗಂಟೆಯೊಳಗೆ ಒಂದು ರಕ್ತಪರೀಕ್ಷೆ ಸಾಕು. ಡೆಸಿಲೀಟರಿಗೆ 800 ಮಿಲಿಗ್ರಾಂ ಮೇಲೆ ಪ್ರತಿಕಾಯವಿದ್ದರೆ ನೆಮ್ಮದಿ. 400ಕ್ಕಿಂತ ಕಡಿಮೆಯಿದ್ದರೆ ಪ್ಲಾಸ್ಮಾ ಏರಿಸಬೇಕಾಗುತ್ತದೆ. ಕುದುರೆಗೆ ಲಕ್ಷ ಕೊಟ್ಟವರು ಈ ಪರೀಕ್ಷೆಗೆ ಕೈ ಹಿಡಿಯುವುದು ನನಗೆ ಅರ್ಥವಾಗದ ಸಂಗತಿ.

ಮೊದಲ ಹಾಲೇ ವಿಷವಾಗುವ ಪ್ರಸಂಗವೂ ಇದೆಯೆಂಬುದನ್ನು ಮುಚ್ಚಿಡಬಾರದು. ಮರಿಗೆ ತಂದೆಯಿಂದ ಬಂದ ರಕ್ತದ ಗುಂಪಿನ ವಿರುದ್ಧ ತಾಯಿಯ ಮೈಯಲ್ಲಿ ಪ್ರತಿಕಾಯ ಬೆಳೆದಿದ್ದರೆ, ಅದು ಗಿಣ್ಣಿನ ಮೂಲಕ ಒಳಹೋಗಿ ಮರಿಯ ಕೆಂಪು ಕಣಗಳನ್ನು ಒಡೆಯುತ್ತದೆ. ಚೆನ್ನಾಗಿ ಹುಟ್ಟಿ, ಚೆನ್ನಾಗಿ ಕುಡಿದ ಮರಿ ಒಂದೆರಡು ದಿನದಲ್ಲಿ ಸೋತು, ಒಸಡು ಬಿಳಿಚಿ ಹಳದಿಯಾಗುತ್ತದೆ. ಚೊಚ್ಚಲಲ್ಲಿ ಇದು ವಿರಳ, ಎರಡನೆಯದರಿಂದ ಮುಂದಕ್ಕೆ ಕಾಣುವುದು ಹೆಚ್ಚು; ಕತ್ತೆಗೆ ಕೂಡಿಸಿ ಹುಟ್ಟಿದ ಹೇಸರಗತ್ತೆ ಮರಿಗಳಲ್ಲಿ ಇನ್ನೂ ಹೆಚ್ಚು. ಹಿಂದೆ ಹೀಗೆ ಮರಿ ಕಳೆದುಕೊಂಡ ಕುದುರೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮರಿಯ ಬಾಯಿಗೆ ಎರಡು ದಿನ ಕುಕ್ಕೆ ಕಟ್ಟಿ, ಬೇರೆ ಕುದುರೆಯ ಗಿಣ್ಣು ಕುಡಿಸಿ ಉಳಿಸಿಕೊಳ್ಳಬಹುದು.

ತಪ್ಪು ಕಲ್ಪನೆ: ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸಿ, ಕಟ್ಟಿ, ಬೂದಿ ಹಚ್ಚಬೇಕು

ವಾಸ್ತವ: ಬಿಡಿ. ತಾಯಿ ಎದ್ದಾಗಲೋ ಮರಿ ಒದ್ದಾಡಿದಾಗಲೋ ಅದು ತನ್ನ ಜಾಗದಲ್ಲಿ ತಾನೇ ಹರಿಯುತ್ತದೆ. ಚೂರಿ ಹಾಕಿದರೆ ರಕ್ತ ಸೋರುವುದೂ ಸೋಂಕು ತಗಲುವುದೂ ಹೆಚ್ಚು. ಹರಿದ ತುದಿಯನ್ನು ತೆಳು ಮಾಡಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ದಿನಕ್ಕೆ ಎರಡು ಮೂರು ಸಲ ಅದ್ದಿದರೆ ಸಾಕು. ಗಾಢ ಅಯೋಡಿನ್ ಚರ್ಮವನ್ನೇ ಸುಡುತ್ತದೆ. ಬೂದಿ, ಸಗಣಿ, ಬಾವಿಕಟ್ಟೆಯ ಮಣ್ಣು ಯಾವುದೂ ಬೇಡ: ಹೊಕ್ಕುಳಿನಿಂದ ಹೊಕ್ಕ ಸೋಂಕು ಕೀಲುಗಳಿಗೆ ಹೋಗಿ ಕೂರುತ್ತದೆ. ಮರಿಯ ಮಂಡಿ ಬಿಸಿಯಾಗಿ ಊದಿಕೊಂಡಾಗ "ತಾಯಿ ತುಳಿದಿರಬೇಕು" ಎಂದು ಎಣ್ಣೆ ತಿಕ್ಕುತ್ತಾ ಕೂತವರು ಅಮೂಲ್ಯ ದಿನಗಳನ್ನು ಕಳೆಯುತ್ತಾರೆ. ಧನುರ್ವಾಯುವಿಗೆ ಸುಲಭವಾಗಿ ತುತ್ತಾಗುವ ಸಾಕುಪ್ರಾಣಿಗಳಲ್ಲಿ ಕುದುರೆಯೇ ಮೊದಲು. ಈಯುವ ನಾಲ್ಕರಿಂದ ಆರು ವಾರ ಮುಂಚೆ ತಾಯಿಗೆ ಟೆಟನಸ್ ಚುಚ್ಚುಮದ್ದು ಹಾಕಿಸಿದರೆ ಅದರ ರಕ್ಷಣೆ ಗಿಣ್ಣಿನಲ್ಲೇ ಮರಿಗೂ ದೊರೆಯುತ್ತದೆ.

ಹುಟ್ಟಿದ ಮರಿಯ ಗೊರಸಿನ ತುದಿಯಲ್ಲಿ ಹಳದಿ ಬಣ್ಣದ ಮೆತ್ತನೆಯ ಎಳೆಗಳು ಜೋತಾಡುವುದನ್ನು ಕಂಡು ಕೊಯ್ಯುವವರಿದ್ದಾರೆ. ಗರ್ಭಕೋಶ ಗೀರದಿರಲೆಂದು ಪ್ರಕೃತಿ ತೊಡಿಸಿದ ಹೊದಿಕೆ ಅದು. ಮರಿ ನಾಲ್ಕು ಹೆಜ್ಜೆ ಓಡಾಡಿದರೆ ಸವೆದುಹೋಗುತ್ತದೆ.

ತಪ್ಪು ಕಲ್ಪನೆ: ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿದೆ, ಅಂದರೆ ಮರಿಗೆ ಹೊಟ್ಟೆತುಂಬ ಹಾಲು

ವಾಸ್ತವ: ಅಂದರೆ ಮರಿ ಕುಡಿದಿಲ್ಲ. ಕುದುರೆಯ ಕೆಚ್ಚಲು ಚಿಕ್ಕದು, ತೊಟ್ಟು ಎರಡೇ. ಹಸುವಿನಂತೆ ಹಾಲು ಕೂಡಿಟ್ಟುಕೊಳ್ಳುವ ಜಾಗ ಅದಕ್ಕಿಲ್ಲ. 450 ಕಿಲೋ ತೂಗುವ ಕುದುರೆ ದಿನಕ್ಕೆ 10ರಿಂದ 13 ಲೀಟರ್ ಹಾಲು ಕೊಡುವುದು ಮರಿ ಮತ್ತೆ ಮತ್ತೆ ಬಂದು ಬರಿದು ಮಾಡುವುದರಿಂದ. ಮೊದಲ ವಾರದಲ್ಲಿ ಮರಿ ಗಂಟೆಗೆ ಐದಾರು ಬಾರಿ ಮೊಲೆಗೆ ಬಾಯಿ ಹಾಕುತ್ತದೆ, ಒಂದೆರಡು ನಿಮಿಷ ಕುಡಿದು ಮಲಗುತ್ತದೆ. ಆರೋಗ್ಯವಂತ ಮರಿಯ ತಾಯಿಯ ಕೆಚ್ಚಲು ಸಡಿಲವಾಗಿರುತ್ತದೆ. ಮರಿಯ ಹಣೆಯ ಮೇಲೆ ಹಾಲು ಒಣಗಿ ಅಂಟಿದ್ದು, ಕೆಚ್ಚಲು ಬಿಗಿದಿದ್ದರೆ, ಅದು ಮೊಲೆಯ ಕೆಳಗೆ ನಿಲ್ಲುತ್ತಿದೆ, ಚೀಪುತ್ತಿಲ್ಲ. ಎಳೆಮರಿಯ ಕಾಯಿಲೆ ಎಷ್ಟೋ ಸಲ ಮೊದಲು ಕಾಣುವುದು ಮರಿಯ ಮೈಯಲ್ಲಲ್ಲ, ತಾಯಿಯ ಕೆಚ್ಚಲಿನಲ್ಲಿ. ಬೆಳಿಗ್ಗೆ ಲಾಯಕ್ಕೆ ಹೋದವರು ಮೊದಲು ಅಲ್ಲಿಗೆ ಕೈ ಹಾಕಿ ನೋಡಬೇಕು.

ಮರಿಯನ್ನು ಕರುವಿನಂತೆ ಬೇರೆ ಗೂಟಕ್ಕೆ ಕಟ್ಟಿ ಬೆಳಿಗ್ಗೆ ಸಂಜೆ ಬಿಡುವ ಅಭ್ಯಾಸ ಎಷ್ಟು ತಪ್ಪೆಂಬುದು ಇದರಿಂದಲೇ ಗೊತ್ತಾಗುತ್ತದೆ. ಸವಾರಿಗೋ ಮೆರವಣಿಗೆಗೋ ತಾಯಿಯನ್ನು ಅರ್ಧ ದಿನ ಒಯ್ದರೆ ಮರಿ ಹಸಿದು ಸೋಲುತ್ತದೆ, ತಾಯಿಯ ಕೆಚ್ಚಲು ಬಾಯುತ್ತದೆ. ಮೊದಲ ಎರಡು ಮೂರು ತಿಂಗಳು ಅದನ್ನು ದುಡಿಮೆಯಿಂದ ಬಿಟ್ಟುಬಿಡಿ. ಮುಹೂರ್ತದ ಕಾಲ, ನಷ್ಟವಾಗುತ್ತದೆ ನಿಜ. ಆ ಲೆಕ್ಕವನ್ನು ಗಬ್ಬ ಕಟ್ಟಿಸುವಾಗಲೇ ಹಾಕಿಕೊಳ್ಳಬೇಕಿತ್ತು.

ತಪ್ಪು ಕಲ್ಪನೆ: ತಾಯಿ ಬೆದೆಗೆ ಬಂದು ಹಾಲು ಕೆಟ್ಟಿತು, ಅದಕ್ಕೇ ಮರಿಗೆ ಭೇದಿ

ವಾಸ್ತವ: ಎರಡೂ ಒಂದೇ ವಾರದಲ್ಲಿ ಆಗುವುದರಿಂದ ಹುಟ್ಟಿದ ನಂಬಿಕೆ ಇದು, ಲೋಕದಾದ್ಯಂತ ಇದೆ. ಈದ ಏಳರಿಂದ ಹತ್ತು ದಿನಕ್ಕೆ ಕುದುರೆ ಬೆದೆಗೆ ಬರುತ್ತದೆ. ಅದೇ ಹೊತ್ತಿಗೆ ಮರಿ ತೆಳ್ಳಗೆ ಹೊರಗೆ ಹೋಗುತ್ತದೆ. ಆದರೆ ತಾಯಿಯಿಲ್ಲದೆ ಬಾಟಲಿ ಹಾಲಿನಲ್ಲಿ ಬೆಳೆದ ಮರಿಗೂ ಅದೇ ವಯಸ್ಸಿಗೆ ಭೇದಿಯಾಗುತ್ತದೆ. ಮರಿಯ ಕರುಳಿನಲ್ಲಿ ಹೊಸ ಸೂಕ್ಷ್ಮಜೀವಿಗಳು ನೆಲೆಯೂರುವ ಕಾಲ ಅದು. ಇದೇ ದಿನಗಳಲ್ಲಿ ಮರಿ ತಾಯಿಯ ಲದ್ದಿ ತಿನ್ನುವುದನ್ನು ಕಂಡು ಹೊಡೆದು ಓಡಿಸುತ್ತಾರೆ. ಅಸಹ್ಯವೆನಿಸಿದರೂ ಅದು ಸಹಜ. ಮುಂದೆ ಹುಲ್ಲು ಅರಗಿಸಲು ಬೇಕಾದ ಜೀವಿಗಳನ್ನು ಅದು ಅಲ್ಲಿಂದಲೇ ಪಡೆಯುತ್ತದೆ.

ಮರಿ ಚುರುಕಾಗಿದ್ದು, ಕುಡಿಯುತ್ತಿದ್ದು, ಭೇದಿ ಮೂರ್ನಾಲ್ಕು ದಿನದಲ್ಲಿ ನಿಂತರೆ ಔಷಧಿ ಬೇಕಿಲ್ಲ. ಬಾಲದ ಕೆಳಗೆ ತೊಳೆದು ಒರೆಸಿ ವ್ಯಾಸಲಿನ್ ಹಚ್ಚಿ, ಇಲ್ಲವಾದರೆ ಚರ್ಮ ಸುಟ್ಟು ಕೂದಲುದುರುತ್ತದೆ. ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮರಿ ಹಾಲು ಬಿಟ್ಟರೆ, ನೀರಿನಂತೆ ಹೋಗುತ್ತಿದ್ದರೆ ಅದು ರೋಟಾವೈರಸ್ಸೋ ಬೇರೆ ಸೋಂಕೋ ಇರಬಹುದು. ಎಳೆಮರಿ ಕೆಲವೇ ಗಂಟೆಗಳಲ್ಲಿ ಬತ್ತಿಹೋಗುತ್ತದೆ. ಅಲ್ಲಿ ಮನೆಮದ್ದಿನ ಪ್ರಯೋಗ ಸಲ್ಲ.

ಅಂದಹಾಗೆ, ಹಾಲುಣಿಸುವ ಕುದುರೆ ಗಬ್ಬ ಕಟ್ಟುವುದಿಲ್ಲ ಎಂಬ ಮಾತೂ ಸುಳ್ಳು. ಈ ಮೊದಲ ಬೆದೆಯಲ್ಲೇ ಕಟ್ಟಬಲ್ಲದು. ಬೇಡವಾದರೆ ಗಂಡು ಕುದುರೆಯಿಂದ ದೂರವಿಡಿ. ಬೇಕಿದ್ದರೂ ಹೆರಿಗೆ ಕಷ್ಟವಾಗಿದ್ದರೆ, ಮಾಸು ತಡವಾಗಿದ್ದರೆ ಮುಂದಿನ ಬೆದೆಗೆ ಕಾಯುವುದು ಲೇಸು.

ತಪ್ಪು ಕಲ್ಪನೆ: ಬಾಣಂತಿಗೆ ಬೂಸಾ ಗಂಜಿ, ಹಿಂಡಿ, ನೇಪಿಯರ್ ಹುಲ್ಲು ಹೇರಳವಾಗಿ ಕೊಟ್ಟರೆ ಹಾಲು ಹರಿಯುತ್ತದೆ

ವಾಸ್ತವ: ಹಾಲುಣಿಸುವ ಕುದುರೆಗೆ ಹೆಚ್ಚು ಬೇಕೆಂಬುದು ನಿಜ, ನಮ್ಮವರು ಊಹಿಸುವುದಕ್ಕಿಂತಲೂ ಹೆಚ್ಚು. 500 ಕಿಲೋ ಕುದುರೆಗೆ ಸುಮ್ಮನಿದ್ದಾಗ ಬೇಕಾಗುವ ಶಕ್ತಿಯ ಸುಮಾರು ಎರಡರಷ್ಟು ಈಗ ಬೇಕು. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ದಿನಕ್ಕೆ 20 ಗ್ರಾಂ ಇದ್ದದ್ದು 59 ಗ್ರಾಮಿಗೇರುತ್ತದೆ. ನೀರು 50 ಲೀಟರಿಗೂ ಮೇಲೆ. ತಪ್ಪಾಗುವುದು ಯಾವುದನ್ನು ಕೊಡುತ್ತೇವೆ ಎಂಬಲ್ಲಿ.

ಗೋಧಿ ಬೂಸಾದಲ್ಲಿ ರಂಜಕ ಸುಣ್ಣದಂಶದ ಎಂಟು–ಹತ್ತು ಪಟ್ಟಿದೆ. ಕುದುರೆಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು: ಸುಣ್ಣ ಹೆಚ್ಚು, ರಂಜಕ ಕಡಿಮೆ. ಹಾಲಿಗೆ ಸುಣ್ಣ ಹರಿಯುತ್ತಿರುವಾಗ ತಿಂಗಳುಗಟ್ಟಲೆ ಬೂಸಾವನ್ನೇ ನೆಚ್ಚಿಕೊಂಡರೆ ಮೈ ತನ್ನ ಎಲುಬನ್ನೇ ಕರಗಿಸುತ್ತದೆ. ದವಡೆ, ಮುಖದ ಎಲುಬು ಊದಿಕೊಂಡು, ಕುದುರೆ ಗೊತ್ತಾಗದ ಹಾಗೆ ಕುಂಟತೊಡಗುತ್ತದೆ. ಹಿಂದೆ ಗಿರಣಿಯವರ ಕುದುರೆಗಳಿಗೆ ಹೆಚ್ಚಾಗಿ ಬರುತ್ತಿದ್ದ ರೋಗವಿದು. ನೇಪಿಯರ್ ಇದನ್ನು ಇನ್ನಷ್ಟು ಕೆಡಿಸುತ್ತದೆ. ಹೈನುಗಾರರ ಅಚ್ಚುಮೆಚ್ಚಿನ ಈ ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕಿ ಕರುಳಿಗೆ ದಕ್ಕದಂತೆ ಮಾಡುತ್ತದೆ. ಹಸುವಿನ ಮೆಲುಕುಚೀಲದ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಬಹುಮಟ್ಟಿಗೆ ಒಡೆದುಹಾಕುತ್ತವೆ. ಕುದುರೆಯಲ್ಲಿ ಸುಣ್ಣ ಹೀರಲ್ಪಡುವುದು ಸಣ್ಣಕರುಳಿನಲ್ಲಿ, ಸೂಕ್ಷ್ಮಜೀವಿಗಳಿರುವುದು ಅದಕ್ಕಿಂತ ಆಚೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಗಿನಿ ಹುಲ್ಲಿಗೂ ಭತ್ತದ ಹುಲ್ಲಿಗೂ ಈ ದೋಷವಿದೆ.

ಹಾಗಾದರೆ ಏನು ಕೊಡಬೇಕು? ಉತ್ತರ ನಮ್ಮ ಹೊಲದಲ್ಲೇ ಇದೆ. ಕುದುರೆ ಮೆಂತೆ ಸುಣ್ಣದಂಶದ ಗಣಿ. ಹಸಿಯಾಗಿಯೋ ಒಣಗಿಸಿಯೋ ಮೇವಿನ ಒಂದು ಪಾಲಾಗಲಿ. ರಾಗಿ ಹುಲ್ಲು, ಗರಿಕೆ ಇರಲಿ. ಹುರುಳಿಯನ್ನು ಬೇಯಿಸಿ ಕೊಡುತ್ತಿದ್ದ ಹಳಬರು ಸುಮ್ಮನೆ ಬೇಯಿಸುತ್ತಿರಲಿಲ್ಲ: ಹಸಿ ಹುರುಳಿಯಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶಗಳಿವೆ, ಬೆಂದಾಗ ಅವು ಸಾಯುತ್ತವೆ. ಧಾನ್ಯವನ್ನು ಒಮ್ಮೆಲೇ ಏರಿಸಬೇಡಿ. ವಾರ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ದಿನಕ್ಕೆ ಮೂರು ನಾಲ್ಕು ಹೊತ್ತಿಗೆ ಹಂಚಿ. ಈದ ಮೊದಲ ಮೂರು ತಿಂಗಳು ಕುದುರೆಯ ದೊಡ್ಡಕರುಳು ತಿರುಚಿಕೊಳ್ಳುವ ಅಪಾಯ ಹೆಚ್ಚು. ಮೇವಿನ ಹಠಾತ್ ಬದಲಾವಣೆ ಆಗ ಬೆಂಕಿಯೊಂದಿಗಿನ ಸರಸ.

ಇನ್ನು ಅಂಗಡಿಯ ದನದ ಫೀಡ್, ಕೋಳಿ ಫೀಡ್. ಇವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕೋಳಿಗೂ ಹಸುವಿಗೂ ಅದು ಒಳ್ಳೆಯದು, ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ಕಿಲೋ ತೂಕಕ್ಕೆ ಎರಡು ಮೂರು ಮಿಲಿಗ್ರಾಮೇ ಪ್ರಾಣ ತೆಗೆಯಬಲ್ಲದು. ಉಣ್ಣೆಗೆಂದು ದನಕ್ಕೆ ಸಿಂಪಡಿಸುವ ಅಮಿಟ್ರಾಜ್ ಕೂಡ ಕುದುರೆಗೆ ಬೇಡ, ಕರುಳಿನ ಚಲನೆಯನ್ನೇ ನಿಲ್ಲಿಸಿ ಹೊಟ್ಟೆನೋವಿಗೆ ಕೆಡವುತ್ತದೆ. ಚೀಟಿಯ ಮೇಲೆ ಕುದುರೆಗೆಂದು ಬರೆದಿಲ್ಲದ ಯಾವುದನ್ನೂ ಲಾಯದೊಳಗೆ ತರಬೇಡಿ.

ತಪ್ಪು ಕಲ್ಪನೆ: ತಾಯಿ ಸತ್ತರೆ ಗಟ್ಟಿ ಎಮ್ಮೆಹಾಲು ಕುಡಿಸಿ ಬದುಕಿಸಬಹುದು

ವಾಸ್ತವ: ಕುದುರೆಯ ಹಾಲು ತೆಳು, ಸಿಹಿ. ಕೊಬ್ಬು ಶೇಕಡ 1ರಿಂದ 2, ಲ್ಯಾಕ್ಟೋಸ್ 6ರ ಮೇಲೆ. ಎಮ್ಮೆಹಾಲಿನಲ್ಲಿ ಕೊಬ್ಬೇ 7ರ ಆಸುಪಾಸು. ಗಟ್ಟಿಹಾಲು ಕುಡಿಸಿದ ಪ್ರೀತಿ ಭೇದಿಯಾಗಿ ಹೊರಬರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮರಿ ಕಳೆದುಕೊಂಡ ಇನ್ನೊಂದು ತಾಯಿ. ಸಿಗದಿದ್ದರೆ ಕೆನೆ ತೆಗೆದು ಕೊಬ್ಬು ಇಳಿಸಿದ ಹಸುವಿನ ಹಾಲು, ಲೀಟರಿಗೆ 20 ಗ್ರಾಂ ಡೆಕ್ಸ್ಟ್ರೋಸ್ ಬೆರೆಸಿ. ಮೇಕೆಹಾಲೂ ಆದೀತು. ಸಕ್ಕರೆ, ಬೆಲ್ಲ ಖಂಡಿತ ಬೇಡ. ಎಳೆಮರಿಯ ಕರುಳಿಗೆ ಅವನ್ನು ಒಡೆಯಲು ಬಾರದು. ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು. ಮಲಗಿದ ಮರಿಯ ತಲೆಯೆತ್ತಿ ಬಾಯಿಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಂತ ಮರಿಗೆ ಬೋಗುಣಿಯಿಂದ ಕುಡಿಯಲು ಕಲಿಸಿ. ಎರಡು ದಿನದಲ್ಲಿ ಕಲಿಯುತ್ತದೆ, ನಿಮಗೂ ನಿದ್ದೆ ಸಿಗುತ್ತದೆ.

ತಪ್ಪು ಕಲ್ಪನೆ: ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ

ವಾಸ್ತವ: ಸೇರಿಸುತ್ತದೆ. ಮರಿಯನ್ನು ಒದೆಯುವುದು ಹೆಚ್ಚಾಗಿ ಚೊಚ್ಚಲ ಕುದುರೆ, ಅದೂ ಬಿಗಿದ ಕೆಚ್ಚಲಿನ ನೋವಿಗೆ. ನೋವು ತಗ್ಗಿಸಿ, ಒಬ್ಬರು ತಲೆ ಹಿಡಿದು ನಿಂತರೆ ಒಂದೆರಡು ದಿನದಲ್ಲಿ ಒಗ್ಗುತ್ತದೆ. ಆದರೆ ಹುಟ್ಟಿದ ಗಳಿಗೆಗೇ ಊರಿನ ಮಂದಿಯೆಲ್ಲ ಮೊಬೈಲ್ ಹಿಡಿದು ಲಾಯಕ್ಕೆ ನುಗ್ಗುವುದು ಬೇರೆ ಮಾತು. ತಾಯಿ ಮರಿಯ ವಾಸನೆ ಹಿಡಿಯಬೇಕಾದ ಹೊತ್ತದು, ಆಚೆ ನಿಲ್ಲಿ.

ತಪ್ಪು ಕಲ್ಪನೆ: ಎಷ್ಟು ತಿನ್ನಿಸಿದರೆ ಅಷ್ಟು ಎತ್ತರದ ಕುದುರೆ

ವಾಸ್ತವ: ಎತ್ತರ ಬರುವುದು ವಂಶದಿಂದ. ತಾಯಿಯ ಹಾಲು ಎರಡನೆಯ ತಿಂಗಳವರೆಗೆ ಏರಿ ಆಮೇಲೆ ಇಳಿಯುವುದರಿಂದ, ಆ ಹೊತ್ತಿಗೆ ಮರಿಗೆಂದೇ ಬೇರೆ ಮೇವು ಶುರುಮಾಡಬೇಕು ನಿಜ. ವಯಸ್ಸಿನ ಪ್ರತಿ ತಿಂಗಳಿಗೆ ದಿನಕ್ಕೆ ಅರ್ಧ ಕಿಲೋ ಒಳಗೆ. ಧಾನ್ಯ ತುಂಬಿ ಮೈ ಬರಿಸಿದರೆ ಎಲುಬು ಗಟ್ಟಿಯಾಗುವ ಮೊದಲೇ ಭಾರ ಏರಿ ಕಾಲು ಡೊಂಕಾಗುತ್ತದೆ, ಕೀಲು ಕೆಡುತ್ತದೆ. ಹಾಲು ಬಿಡಿಸಲು ನಾಲ್ಕರಿಂದ ಆರು ತಿಂಗಳು ಸರಿಯಾದ ಕಾಲ. ಜಂತುಮದ್ದಿಗೂ ಆತುರ ಬೇಡ, ಮರಿಗೆ ಎರಡು ತಿಂಗಳಾದಾಗ ಮೊದಲನೆಯದು, ಅದೂ ತೂಕ ನೋಡಿ ವೈದ್ಯರು ಬರೆದದ್ದು.

ಹೆರಿಗೆಗೆ ಒಂದು ತಿಂಗಳಿರುವಾಗಲೇ ಕುದುರೆ ನೋಡಿ ಕೈಪಳಗಿದ ಪಶುವೈದ್ಯರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ನಿಮ್ಮ ಊರಿನ ಡಾಕ್ಟರು ದನ ಮಾತ್ರ ನೋಡುವವರಾದರೆ ಅವರನ್ನೇ ಕೇಳಿ; ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಯಾರನ್ನು ಕಾಣಬೇಕೆಂದು ಹೇಳಿಯಾರು. ಆ ನಂಬರನ್ನೂ ಪಶು ಸಂಜೀವಿನಿ ಸಹಾಯವಾಣಿಯ 1962ನ್ನೂ ಲಾಯದ ಬಾಗಿಲಿಗೆ ಬರೆದಿಡಿ. ನಡುರಾತ್ರಿ ನೀರು ಒಡೆದ ಮೇಲೆ ನಂಬರ್ ಹುಡುಕಲು ನಿಮಗೆ ಹೊತ್ತಿರುವುದಿಲ್ಲ.